ಮೈಸೂರು ಮಿಷನ್ ಪತ್ರಗಳು: ಒಂದೇ ಕಾಂಪೌಂಡಿನ ಮೂರು ದನಿಗಳು

ಇಪ್ಪತ್ತನೆಯ ಶತಮಾನದ ಆರಂಭದ ಮೈಸೂರು ನಗರದ ಕ್ರೈಸ್ತ ಸಭೆಗಳ ಚರಿತ್ರೆಗೆ ಬೇಕಾದ ಪತ್ರವ್ಯವಹಾರದಲ್ಲಿ ದೊಡ್ಡ ಪಾಲು ಮೈಸೂರಿನಲ್ಲಿಲ್ಲ. ವೆಸ್ಲಿಯನ್ ಮೆಥಡಿಸ್ಟ್ ಮಿಷನರಿಗಳ ಕಾಗದಗಳು ಲಂಡನ್ನಿನ ತಮ್ಮ ಸಂಘಕ್ಕೆ ಹೋದವು. 1978ರಿಂದ ಅವು ಅಲ್ಲಿನ ಸೋಆಸ್ ಸಂಸ್ಥೆಯ ಗ್ರಂಥಾಲಯದಲ್ಲಿವೆ. ಕೆಥೊಲಿಕ್ ಪಾದ್ರಿಗಳು ಪ್ಯಾರಿಸ್ ವಿದೇಶಿ ಮಿಷನ್ ಸಂಘದವರು. ಅವರ ವರದಿಗಳು ಸೇರಿದ್ದು ಪ್ಯಾರಿಸ್ಸಿನ ರೂ ದ್ಯು ಬಾಕ್ ಬೀದಿಯ ಸೆಮಿನರಿಗೆ.

ಕಡತದ ಮೇಲೆ ‘ಮೈಸೂರು’ ಎಂದಿದ್ದ ಮಾತ್ರಕ್ಕೆ ಅದು ಈ ಊರಿನದಲ್ಲ. ಆ ಹೆಸರು ಸಂಸ್ಥಾನದ್ದೂ ಹೌದು, ಬೆಂಗಳೂರನ್ನೂ ಒಳಗೊಂಡಿದ್ದ ವೆಸ್ಲಿಯನ್ ಡಿಸ್ಟ್ರಿಕ್ಟಿನದ್ದೂ ಹೌದು. ಕೆಥೊಲಿಕರ ಮೈಸೂರು ಧರ್ಮಕ್ಷೇತ್ರಕ್ಕೆ 1910ರವರೆಗೆ ಕ್ಲೈನರ್, 1915ರವರೆಗೆ ಬಾಲ್, 1922ರವರೆಗೆ ತೆಸಿಯೆ, ಬಳಿಕ ದೆಪಾತ್ಯೂರ್ ಧರ್ಮಾಧ್ಯಕ್ಷರು. ಅವರ ಪೀಠ ಇದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆ ಧರ್ಮಕ್ಷೇತ್ರವಾಯಿತು. ಹೀಗಾಗಿ ಅದುವರೆಗೆ ಮೈಸೂರು ನಗರದ ಪಾದ್ರಿಯೂ ತನ್ನ ಬಿಷಪ್ಪರಿಗೆ ಕಾಗದವನ್ನೇ ಬರೆಯಬೇಕಿತ್ತು. ಚರಿತ್ರಕಾರನಿಗೆ ಇದು ಅನುಕೂಲವೇ: ಎದುರಾಬದುರು ಕೂತು ಮುಗಿಯಬಹುದಾಗಿದ್ದ ಮಾತು ಬರವಣಿಗೆಗೆ ಇಳಿಯಿತು.

ಮೇಲಿನವರಿಗೆ ಬರೆದ ಕಾಗದ ಲೆಕ್ಕ ಒಪ್ಪಿಸುವ ಕಾಗದ. ಶಾಲೆಗೆ, ಆಸ್ಪತ್ರೆಗೆ, ಉಪದೇಶಿಗಳ ಸಂಬಳಕ್ಕೆ ಹಣ ಬರಬೇಕಾದದ್ದು ಅಲ್ಲಿಂದಲೇ. ಅದರಲ್ಲಿ ಕಷ್ಟವೂ ಭರವಸೆಯೂ ಜೊತೆಜೊತೆಯಾಗಿ ಇರಲೇಬೇಕು: ಕಷ್ಟವಿಲ್ಲದಿದ್ದರೆ ಹಣ ಬೇಡ, ಭರವಸೆಯಿಲ್ಲದಿದ್ದರೆ ಹಣ ದಂಡ. ಇದನ್ನು ಸುಳ್ಳೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಆ ಕಾಗದವೊಂದನ್ನೇ ನಂಬಿ ಊರಿನ ಚರಿತ್ರೆ ಬರೆಯುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಮೈಸೂರಿನ ಭಾಗ್ಯವೆಂದರೆ, ಹೋಲಿಸಿ ನೋಡಲು ಬೇಕಾದ ಸಾಮಗ್ರಿ ಇಲ್ಲಿಯೇ ಅಚ್ಚಾಯಿತು. ವೆಸ್ಲಿಯನ್ ಮಿಷನರಿ ಹೆನ್ರಿ ಹೇಗ್ 1887ರಲ್ಲಿ ಆರಂಭಿಸಿದ ‘ವೃತ್ತಾಂತ ಪತ್ರಿಕೆ’ ಕನ್ನಡದ ವಾರಪತ್ರಿಕೆ. ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ಅದನ್ನು ಕ್ರೈಸ್ತರಲ್ಲದವರೂ ಓದುತ್ತಿದ್ದರು. ಅದೇ ಮುದ್ರಣಾಲಯದಿಂದ ‘ಹಾರ್ವೆಸ್ಟ್ ಫೀಲ್ಡ್’ ಎಂಬ ಇಂಗ್ಲಿಷ್ ಮಾಸಿಕವೂ ಹೊರಬರುತ್ತಿತ್ತು. ಹೆನ್ರಿ ಗುಲಿಫರ್ಡ್ ಬಹುಕಾಲ ಅದರ ಸಂಪಾದಕರು. ದೇಶದ ಬೇರೆ ಬೇರೆ ಕಡೆಯ ಮಿಷನರಿಗಳು ಅದರಲ್ಲಿ ತಮ್ಮತಮ್ಮಲ್ಲೇ ವಾದಿಸುತ್ತಿದ್ದರು. ಅಂದರೆ ಲಂಡನ್ನಿನ ಸಮಿತಿಗೆ ಒಂದು ದನಿ, ಜೊತೆಗಾರರಿಗೆ ಇನ್ನೊಂದು, ಕನ್ನಡ ಓದುಗರಿಗೆ ಮತ್ತೊಂದು. ಮೂರೂ ಒಂದೇ ಕಾಂಪೌಂಡಿನಿಂದ ಹೊರಟವು. ಒಂದೇ ಸಂಗತಿಯ ಬಗ್ಗೆ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಯಾರೆದುರು ಏನನ್ನು ಬಿಟ್ಟರೆಂಬುದು ಹೊರಬೀಳುತ್ತದೆ. ಊರವರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’ ಆಗಿರುವ, ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕವಾಗಿ 1906ರಲ್ಲಿ ಆರಂಭವಾದ ಆಸ್ಪತ್ರೆಯ ಚರಿತ್ರೆಯನ್ನು ಹೀಗೆಯೇ ಬರೆಯಬೇಕು.

ಕೆಥೊಲಿಕರ ವಿಷಯದಲ್ಲಿ ಅರಮನೆಯ ಕಡೆಯ ದಾಖಲೆ ಇದೇ ಕೆಲಸ ಮಾಡಬಲ್ಲದು. ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದರು. ಸಂತಳ ಅವಶೇಷವನ್ನು ತರಿಸಿದ ತಂಬು ಚೆಟ್ಟಿಯವರು ಮಹಾರಾಜರ ಹುಜೂರ್ ಕಾರ್ಯದರ್ಶಿ, ಸ್ವತಃ ಕೆಥೊಲಿಕರು. ಇಂಥ ಮನುಷ್ಯನ ಪಾತ್ರವನ್ನು ಫ್ರೆಂಚ್ ವರದಿಗಳಿಂದಷ್ಟೇ ಅಳೆಯಲಾಗದು.

ನನ್ನನ್ನು ಹೆಚ್ಚು ಕಾಡುವುದು ವರದಿಗಳಲ್ಲಿ ಕಾಣದ ಸ್ಥಳೀಯರ ಹೆಸರುಗಳ ಪ್ರಶ್ನೆ. 1919ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರು ‘ಮ್ಯಾಕ್ಸಿಮುಮ್ ಇಲ್ಲುದ್’ ಪತ್ರದಲ್ಲಿ ಸ್ಥಳೀಯ ಪಾದ್ರಿಗಳನ್ನು ಬೆಳೆಸಿರೆಂದು ಮಿಷನರಿಗಳಿಗೆ ಸ್ಪಷ್ಟವಾಗಿ ಹೇಳಿದರು. ಆದರೂ ಮೈಸೂರು ಧರ್ಮಕ್ಷೇತ್ರ ಭಾರತೀಯ ಧರ್ಮಾಧ್ಯಕ್ಷರನ್ನು ಕಂಡದ್ದು 1960ರ ದಶಕದಲ್ಲಿ. ಪ್ರಾಟೆಸ್ಟಂಟರಲ್ಲಿ 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿದಾಗ ಪಿ. ಗುರುಶಾಂತ ಅವರು ಮೈಸೂರಿನ ಬಿಷಪ್ಪರಾದರು. ಅಂಥವರು ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ಅವರ ಹಿಂದೆ ಎರಡು ಮೂರು ತಲೆಮಾರಿನ ಉಪದೇಶಿಗಳು, ಶಾಲಾ ಉಪಾಧ್ಯಾಯರು, ಮನೆಮನೆಗೆ ಹೋಗಿ ಓದಿ ಹೇಳಿದ ಬೈಬಲ್ ಹೆಂಗಸರು ಇದ್ದಾರೆ. ಮಿಷನ್ ವರದಿಗಳ ಪದ್ಧತಿಯಲ್ಲಿ ಇವರು ಹೆಚ್ಚಾಗಿ ಸಂಖ್ಯೆಯಾಗಿಯೇ ಉಳಿಯುತ್ತಾರೆ.

ಇವರನ್ನು ಹುಡುಕಬೇಕಾದದ್ದು ಇಲ್ಲಿಯೇ, ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ. 1917ರ ಕೆಥೊಲಿಕ್ ಧರ್ಮಸಂಹಿತೆಯ ಪ್ರಕಾರ ದೀಕ್ಷೆ ಪಡೆದವರು, ಕೊಟ್ಟವರು, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ಸ್ಥಳ, ದಿನ ಎಲ್ಲವನ್ನೂ ಬರೆದಿಡಲೇಬೇಕು. ಉಪದೇಶಿಯೊಬ್ಬ ಒಂದೇ ಊರಿನ ಹಲವು ಮಕ್ಕಳಿಗೆ ಜ್ಞಾನತಂದೆಯಾಗಿ ನಿಂತಿದ್ದರೆ, ಆ ಸಾಲುಗಳ ತಾರೀಖುಗಳನ್ನು ಜೋಡಿಸಿ ಅವನು ಅಲ್ಲಿ ಎಷ್ಟು ವರ್ಷ ದುಡಿದನೆಂದು ಹೇಳಬಹುದು. ಪ್ಯಾರಿಸ್ಸಿಗೆ ಹೋದ ವಾರ್ಷಿಕ ವರದಿಯ ಸಂಖ್ಯೆಗಳನ್ನು ಆ ತಾರೀಖುಗಳಿಗೆ ತಾಳೆ ನೋಡುವ ಕೆಲಸವನ್ನು ಮೈಸೂರಿನಲ್ಲೇ ಆರಂಭಿಸಬಹುದು.