ಹರವಿಯ ತಣ್ಣೀರು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಹುಡುಗ ಎನ್ನುವುದು ನನ್ನ ಅಭ್ಯಾಸ. ಅವನಿಗೀಗ ಅರವತ್ತು ದಾಟಿದೆ, ಮೊಮ್ಮಕ್ಕಳಿದ್ದಾರೆ. "ಗುರುಗಳೇ, ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಒಳ್ಳೆಯದೋ ಮಡಕೆಯ ನೀರು ಒಳ್ಳೆಯದೋ? ಮನೆಯಲ್ಲಿ ಎರಡು ಪಕ್ಷಗಳಾಗಿವೆ. ನೀವು ಹೇಳಿದ್ದೇ ತೀರ್ಪು" ಎಂದ. ಕೊನೆಗೆ, "ನಮ್ಮ ಶಾಲೆಯ ಮೂಲೆಯಲ್ಲಿದ್ದ ಹರವಿಯ ನೀರಿನ ರುಚಿ ಮತ್ತೆಲ್ಲಿಯೂ ಸಿಗಲಿಲ್ಲ ನೋಡಿ" ಎಂದೂ ಸೇರಿಸಿದ. ತೀರ್ಪನ್ನು ಆಗಲೇ ಕೊಟ್ಟೆ. ಆದರೆ ಆ ಹರವಿಯ ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ. ಆದ್ದರಿಂದ ಈ ಬರಹ.

ಮೊದಲು ಅವನ ಪ್ರಶ್ನೆಗೆ ಉತ್ತರ. ಮಣ್ಣಿನ ಪಾತ್ರೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ಹೊರಮೈಗೆ ಒಸರಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಅದರ ಹೆಚ್ಚಿನ ಪಾಲು ಒಳಗಿನ ನೀರಿನಿಂದಲೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಗ್ರಾಂ ಆವಿಯಾದರೆ ಐವತ್ತೆಂಟು ಗ್ರಾಂ ನೀರು ಹತ್ತು ಡಿಗ್ರಿಯಷ್ಟು ತಣಿಯಬಲ್ಲದು. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕು. ಆದ್ದರಿಂದಲೇ ವಿಜಯಪುರದ ಉರಿಬಿಸಿಲಿನಲ್ಲಿ ಹರವಿಯ ನೀರು ಹಲ್ಲಿಗೆ ಹತ್ತುವಷ್ಟು ತಣ್ಣಗಿದ್ದರೆ, ಮಂಗಳೂರಿನ ತೇವದ ಗಾಳಿಯಲ್ಲಿ ಅದೇ ಹರವಿ ಸೋಮಾರಿಯಾಗಿ ಕುಳಿತಿರುತ್ತದೆ. ನೀರಿನ ಲವಣಗಳು ಕಟ್ಟಿಕೊಂಡು ರಂಧ್ರಗಳು ಮುಚ್ಚಿದರೂ ಅಷ್ಟೆ. ನಮ್ಮ ಹಿರಿಯರು ಯುಗಾದಿಯ ಹೊತ್ತಿಗೆ ಹೊಸ ಹರವಿ ತರುತ್ತಿದ್ದುದು ಇದಕ್ಕಾಗಿಯೇ. ಅವ್ವ ಕುಂಬಾರರ ಅಂಗಳದಲ್ಲಿ ಕುಳಿತು ಒಂದೊಂದನ್ನೂ ಬೆರಳಿನಿಂದ ಬಡಿದು, ನಾದ ಕೇಳಿ ಆರಿಸುತ್ತಿದ್ದಳು. ಮನೆಗೆ ತಂದ ಮೇಲೆ ಒದ್ದೆ ಮರಳಿನ ಮೇಲಿಟ್ಟು, ಹೊಟ್ಟೆಗೆ ಹಸಿ ಬಟ್ಟೆ ಸುತ್ತಿ, ಒಳಗೆ ಒಂದು ಹಿಡಿ ಲಾವಂಚದ ಬೇರು ಹಾಕಿದರೆ ಬೇಸಿಗೆಯ ವ್ಯವಸ್ಥೆ ಮುಗಿಯಿತು.

ಬೇಸಿಗೆಯ ಇತರ ಸುಖಗಳೂ ಇಷ್ಟೇ ಅಗ್ಗದವು. ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ತುಣುಕು ಬೆಲ್ಲ, ಮೇಲೆ ಒಂದು ತಂಬಿಗೆ ನೀರು. ಮಧ್ಯಾಹ್ನ ನೀರುಮಜ್ಜಿಗೆ. ರಾಮನವಮಿಗೆ ಬೆಲ್ಲದ ಪಾನಕ, ಕೋಸಂಬರಿ. ರಾತ್ರಿ ಮಾಳಿಗೆಯ ಮೇಲೆ ಕೌದಿ ಹಾಸಿ ಸಾಲಾಗಿ ಮಲಗುವುದು. ಇವನ್ನು ಬರೆಯುತ್ತ ಹೋದರೆ ಬರಹ ಬೇರೆಡೆಗೆ ಹರಿಯುತ್ತದೆ, ನೀರಿಗೇ ಮರಳುತ್ತೇನೆ.

ತಣ್ಣೀರಿಗೆ ನಮ್ಮ ನಾಡಿನಲ್ಲಿ ಶಾಸ್ತ್ರವೇ ಇತ್ತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳ ಸಾಲಿನಲ್ಲಿ ನೀರಿಗೂ ಪಾನಕಕ್ಕೂ ಸ್ಥಾನವಿದೆ. ಯಾವ ಋತುವಿನಲ್ಲಿ ಎಲ್ಲಿಯ ನೀರು ತಕ್ಕದ್ದು, ಅದಕ್ಕೆ ಪರಿಮಳ ಕೂಡಿಸುವುದು ಹೇಗೆ ಎಂಬುದನ್ನು ಅರಸನೇ ವಿವರಿಸುತ್ತಾನೆ. ಹುಣಸೂರಿನ ಬಳಿಯ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಮೊದಲಲ್ಲಿ ಕನ್ನಡದ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಅದರಲ್ಲಿ ಪಾನಕಗಳಿಗೇ ಒಂದು ಅಧ್ಯಾಯ ಮೀಸಲು. ನಮ್ಮ ವಿಜಯಪುರದ ಆದಿಲಶಾಹಿಗಳಂತೂ ನೀರಿನ ಮರ್ಮ ಬಲ್ಲವರು. ಮಹಮ್ಮದ್ ಆದಿಲಶಹನ ಕಾಲದಲ್ಲಿ, 1651ರ ಸುಮಾರಿಗೆ, ಊರ ದಕ್ಷಿಣಕ್ಕೆ ಬೇಗಂ ತಾಲಾಬ್ ನಿರ್ಮಾಣವಾಯಿತು. ಅಲ್ಲಿಂದ ನೆಲದೊಳಗೆ ಗಾರೆಯ ಕಟ್ಟಡದಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ ನೀರು ಪಟ್ಟಣ ಸೇರುತ್ತಿತ್ತು. ನಡುನಡುವೆ ಒತ್ತಡ ತಗ್ಗಿಸಲು ಎತ್ತರದ ಗೋಪುರಗಳಿದ್ದವು. ಪ್ರವಾಸಕ್ಕೆ ಕರೆದೊಯ್ದಾಗ ಗೋಳಗುಮ್ಮಟದ ಮಾರ್ದನಿಗೆ ಮರುಳಾಗುತ್ತಿದ್ದ ನಿಮ್ಮಲ್ಲಿ ಒಬ್ಬರೂ ಆ ಗೋಪುರಗಳತ್ತ ಕಣ್ಣು ಹಾಯಿಸಲಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ಹಣವುಳ್ಳವರು ತಂಪಿಗಾಗಿ ಎಷ್ಟು ದೂರ ಹೋದಾರು ಎಂಬುದಕ್ಕೆ ಒಂದು ವಿಚಿತ್ರ ಉದಾಹರಣೆಯಿದೆ. ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಅಲ್ಲಿನ ಕೆರೆಗಳ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಕೊಯ್ದು ಹಡಗಿಗೆ ತುಂಬಿ ಪರದೇಶಗಳಿಗೆ ಮಾರುತ್ತಿದ್ದ. 1833ರ ಮೇ ತಿಂಗಳಲ್ಲಿ 180 ಟನ್ ಮಂಜುಗಡ್ಡೆಯೊಡನೆ ಹೊರಟ ಅವನ ಹಡಗು ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತಂತೆ! ಮದ್ರಾಸಿನ ಕಡಲ ತೀರದಲ್ಲಿ ಅದನ್ನು ಕಾಪಿಡಲೆಂದೇ 1842ರಲ್ಲಿ ಐಸ್ ಹೌಸ್ ಕಟ್ಟಿದರು. ಯಂತ್ರದಿಂದ ಮಂಜುಗಡ್ಡೆ ಮಾಡುವುದು ಬಂದ ಮೇಲೆ ಆ ವ್ಯಾಪಾರ ಕರಗಿಹೋಯಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದು ಅದೇ ಕಟ್ಟಡದಲ್ಲಿ.

ಅರಸರಿಗೂ ಸಾಹೇಬರಿಗೂ ಇದೆಲ್ಲ ಇತ್ತು. ದಾರಿಯಲ್ಲಿ ನಡೆದು ಬಾಯಾರಿದ ಸಾಮಾನ್ಯರಿಗೆ ಇದ್ದದ್ದು ಅರವಟ್ಟಿಗೆ. ನಮ್ಮ ಕಡೆಯ ಆಡುಮಾತಿನಲ್ಲಿ ಅರವಟಗಿ. ಅದರ ಕಲ್ಪನೆ ಬಹಳ ಹಳೆಯದು. ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಗಳಲ್ಲಿ ಆಲದ ಮರ, ಮಾವಿನ ತೋಪು ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಮನುಷ್ಯರಿಗೂ ಪಶುಗಳಿಗೂ ನೀರು ಕುಡಿಯುವ ತಾಣಗಳನ್ನು ಮಾಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಕನ್ನಡದ ಶಾಸನಗಳಲ್ಲಿ ಅರವಟ್ಟಿಗೆಯ ಖರ್ಚಿಗೆಂದು ಭೂಮಿ ಬಿಟ್ಟ ದಾನಗಳು ಕಾಣುತ್ತವೆ. ಪದದ ಮೊದಲಿಗಿರುವ 'ಅಱ' ಎಂಬುದಕ್ಕೆ ಹಳಗನ್ನಡದಲ್ಲಿ ಧರ್ಮವೆಂದೇ ಅರ್ಥ.

ನನ್ನ ಅಜ್ಜನೂ ಒಂದು ಅರವಟ್ಟಿಗೆ ಇಡಿಸುತ್ತಿದ್ದರು. ಸಂತೆಗೆ ಹೋಗುವ ದಾರಿಯಲ್ಲಿ, ಬೇವಿನ ಮರದ ಕೆಳಗೆ, ಜೋಳದ ದಂಟಿನ ಚಪ್ಪರ, ಮೂರು ದೊಡ್ಡ ಹರವಿ, ಅಮಾವಾಸ್ಯೆ ಹುಣ್ಣಿಮೆಗೆ ಮಜ್ಜಿಗೆ. 1958ರ ಬೇಸಿಗೆಯಲ್ಲಿ ನನಗೆ ಹತ್ತು ವರ್ಷ. ಸೂಟಿಯಲ್ಲಿ ನೀರು ಕೊಡುವ ಕೆಲಸ ನನ್ನದಾಯಿತು. ದೊಡ್ಡವನಾದೆನೆಂಬ ಹೆಮ್ಮೆ. ಚಪ್ಪರದ ಮುಂದೆ ಎರಡು ಹಿತ್ತಾಳೆಯ ತಂಬಿಗೆ ಇರುತ್ತಿದ್ದವು. ಪಕ್ಕದಲ್ಲಿ, ಉದ್ದಕ್ಕೆ ಸೀಳಿದ ಒಂದು ಬಿದಿರಿನ ತುಂಡನ್ನು ಇಳಿಜಾರಾಗಿ ಕಟ್ಟಿದ್ದರು. ಅದರ ಮೇಲ್ತುದಿ ಚಪ್ಪರದೊಳಗೆ, ಕೆಳತುದಿ ಹೊರಗೆ ಬಿಸಿಲಿನಲ್ಲಿ. ಕೆಲವರು ಬಂದರೆ ತಂಬಿಗೆ ಕೊಡಬೇಕು. ಕೆಲವರು ಬಂದರೆ ಬಿದಿರಿಗೆ ನೀರು ಸುರಿಯಬೇಕು. ಅವರು ಆ ತುದಿಯಲ್ಲಿ ಬಾಗಿ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಯಾರು ಯಾವ ಕಡೆಗೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹತ್ತು ವರ್ಷಕ್ಕೆ ಗೊತ್ತಿತ್ತು. ಒಂದು ದಿನ ನನ್ನ ತರಗತಿಯ ಹುಡುಗನೇ ತನ್ನ ತಾಯಿಯೊಡನೆ ಬಂದ. ಶಾಲೆಯಲ್ಲಿ ಇಬ್ಬರೂ ಗೋಲಿ ಆಡುತ್ತಿದ್ದೆವು. ನಾನು ತಂಬಿಗೆಯತ್ತ ನೋಡಲಿಲ್ಲ. ನೇರವಾಗಿ ಬಿದಿರಿಗೆ ಸುರಿದೆ. ಅವನು ಕುಡಿದು, ಮುಖ ಒರೆಸಿಕೊಂಡು, ನನ್ನನ್ನು ಗುರುತಿಸದವನಂತೆ ಹೋದ.

ಇದು ಯಾವುದೋ ಕತ್ತಲ ಯುಗದ ಕಥೆಯಲ್ಲ. ನಮ್ಮ ಜಿಲ್ಲೆ ಆಗ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಅದಕ್ಕೂ ಮೊದಲು ನಾವು ಮುಂಬಯಿ ಪ್ರಾಂತದವರು. ಆ ಪ್ರಾಂತದ ಶಾಸನಸಭೆ 1923ರ ಆಗಸ್ಟಿನಲ್ಲಿಯೇ ಎಸ್. ಕೆ. ಬೋಲೆಯವರ ಠರಾವನ್ನು ಅಂಗೀಕರಿಸಿತ್ತು. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳೆಲ್ಲ ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂಬುದು ಅದರ ಸಾರ. ಠರಾವು ಧಾರವಾಡಕ್ಕೂ ವಿಜಯಪುರಕ್ಕೂ ಅನ್ವಯಿಸುತ್ತಿತ್ತು. ಕಾಗದದಲ್ಲಿ ಬರೆದದ್ದು ಬಾವಿಯ ಕಟ್ಟೆಗೆ ಬರಲು ಎಷ್ಟು ಕಾಲ ಬೇಕು ಎಂಬುದನ್ನು ಕೊಂಕಣದ ಮಹಾಡ್ ತೋರಿಸಿತು. ಅಲ್ಲಿನ ಪುರಸಭೆ 1924ರಲ್ಲಿ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ನಿರ್ಣಯಿಸಿತ್ತು. ಆದರೂ ದಲಿತರಾರೂ ಆ ನೀರನ್ನು ಮುಟ್ಟಲಾಗಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಬಳಿಕ ಅವರ ಮೇಲೆ ಹಲ್ಲೆಗಳಾದವು. ಕೆರೆಯನ್ನು 'ಶುದ್ಧಿ' ಮಾಡಲಾಯಿತು. ವ್ಯಾಜ್ಯ ಮುಂಬಯಿ ಹೈಕೋರ್ಟಿನಲ್ಲಿ ಮುಗಿದು ದಲಿತರ ಹಕ್ಕು ಸ್ಥಿರವಾದದ್ದು 1937ರಲ್ಲಿ.

ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನಾತ್ಮಕ ಬರಹವನ್ನು ನಾನು ಓದಿದ್ದು ನಿವೃತ್ತಿಯ ನಂತರ. ಬಹಳ ತಡವಾಯಿತು. ಅದರ ಮೊದಲ ಪ್ರಸಂಗವೇ ಒಂದು ಬೇಸಿಗೆಯ ಸೂಟಿ. 1901. ತಂದೆ ದೂರದ ಗೋರೆಗಾಂವದಲ್ಲಿ ನೌಕರಿಯಲ್ಲಿದ್ದರು. ಸೂಟಿಗೆ ಬನ್ನಿರೆಂದು ಕಾಗದ ಬರೆದರು. ಸತಾರೆಯಲ್ಲಿದ್ದ ಮಕ್ಕಳು ಹೊಸ ಅಂಗಿ ತೊಟ್ಟು, ಮೊದಲ ಸಲ ರೈಲು ಹತ್ತುವ ಸಂಭ್ರಮದಲ್ಲಿ ಹೊರಟರು. ಮಸೂರು ನಿಲ್ದಾಣದಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಜಾತಿ ತಿಳಿದ ಮೇಲೆ ಬಂಡಿಯವರು ಒಲ್ಲೆನೆಂದರು. ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಆದರೆ ಬಂಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆಯುವೆನೆಂದ. ಬುತ್ತಿ ತುಂಬ ಊಟವಿತ್ತು. ಕುಡಿಯುವ ನೀರು ಮಾತ್ರ ದಾರಿಯಲ್ಲೆಲ್ಲೂ ಸಿಗಲಿಲ್ಲ. ನೀರಿಲ್ಲದೆ ಉಣ್ಣಲಾಗದೆ ಮಕ್ಕಳು ಆ ರಾತ್ರಿ ಹಸಿದೇ ಮಲಗಿದರು. ಒಂಬತ್ತು ಹತ್ತರ ಆ ಬಾಲಕನ ಬದುಕಿನಲ್ಲಿ ಆ ಪ್ರಯಾಣದಷ್ಟು ಆಳವಾಗಿ ನಾಟಿದ್ದು ಕಡಿಮೆ. ಅದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಅಜ್ಜನ ಬೇವಿನ ಮರದ ಕೆಳಗಿನ ಬಿದಿರು. ಆ ಮಕ್ಕಳಿಗೆ ಅದೂ ಸಿಕ್ಕಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಲೇ?

ಸಂವಿಧಾನದ 17ನೆಯ ವಿಧಿ 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದನ್ನು ಆಚರಿಸುವುದನ್ನು ಅಪರಾಧವೆಂದು ಶಿಕ್ಷಿಸುವ ಕಾಯ್ದೆ 1955ರ ಜೂನಿನಿಂದ ಜಾರಿಗೆ ಬಂದಿತು. ನಾನು ಬಿದಿರಿಗೆ ನೀರು ಸುರಿದದ್ದು ಅದಾಗಿ ಮೂರನೆಯ ಬೇಸಿಗೆ. ಅಜ್ಜ ಕೆಟ್ಟವರಾಗಿರಲಿಲ್ಲ, ಬರಗಾಲದಲ್ಲಿ ಕಣಜ ತೆರೆದವರು. ಧರ್ಮವೆಂದು ಮಾಡಿದ ಕೆಲಸದಲ್ಲಿಯೇ ಆ ಬಿದಿರೂ ಇತ್ತು. ಎರಡನ್ನೂ ಅದೇ ಕೈ ಕಟ್ಟಿತ್ತು.

ಇನ್ನು ಶಾಲೆಯ ಹರವಿಯ ವಿಷಯ. 1975ರ ಫೆಬ್ರವರಿ ಕೊನೆಯಲ್ಲಿ ಆ ಹರವಿಯನ್ನು ನಾನೇ ಕೊಂಡು ತಂದು ನಿಮ್ಮ ತರಗತಿಯ ಮೂಲೆಯಲ್ಲಿ ಇರಿಸಿದೆ. ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕಿಬ್ಬರು ಬಾವಿಯಿಂದ ನೀರು ತಂದು ತುಂಬಬೇಕೆಂದು ಗೋಡೆಗೆ ಪಟ್ಟಿ ಹಚ್ಚಿದೆ. ಪಟ್ಟಿಯಲ್ಲಿ ಎಲ್ಲರ ಹೆಸರೂ ಇದ್ದವು. ಅದೇ ನನ್ನ ಉದ್ದೇಶವಾಗಿತ್ತು. ಎರಡು ವಾರ ಸುಸೂತ್ರವಾಗಿ ನಡೆಯಿತು. ಮೂರನೆಯ ವಾರ ಒಂದು ಸಂಜೆ ಊರಿನ ಇಬ್ಬರು ಹಿರಿಯರು ನನ್ನ ಬಾಡಿಗೆಯ ಕೋಣೆಗೆ ಬಂದರು. ಜಗಳವಾಡಲಿಲ್ಲ. ಚಹಾ ಕುಡಿದರು. "ಮಾಸ್ತರ, ನಾಳೆ ಯಾರ ಪಾಳಿ ಅಂತ ನಮಗೂ ಗೊತ್ತದ. ಮಕ್ಕಳು ಸಾಲಿಗೆ ಬರೋದು ಬಿಟ್ಟಾರು, ಯೋಚಿಸ್ರಿ" ಎಂದರು. ಆಗ ನನಗೆ ಇಪ್ಪತ್ತೇಳು. ನೌಕರಿ ಹೊಸದು, ಊರು ಪರ ಊರು. ಮರುದಿನ ಬೆಳಿಗ್ಗೆ ಪಟ್ಟಿಯನ್ನು ಕಿತ್ತೆ. ಪರೀಕ್ಷೆ ಹತ್ತಿರ ಬಂತು, ನಿಮ್ಮ ಓದಿಗೆ ಅಡ್ಡಿಯಾಗಬಾರದು, ಇನ್ನು ಮೇಲೆ ಸಿಪಾಯಿಯೇ ನೀರು ತುಂಬುತ್ತಾನೆ ಎಂದು ತರಗತಿಗೆ ಹೇಳಿದೆ. ನಿಮ್ಮಲ್ಲಿ ಬಹಳ ಜನ ನಂಬಿದಿರಿ. ಆ ದಿನ ಪಾಳಿಯಿದ್ದ ಹುಡುಗ ಎರಡನೆಯ ಸಾಲಿನಲ್ಲಿ ಕುಳಿತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮನೆಯಿಂದ ತೊಳೆದ ಹೊಸ ಹಗ್ಗ ತಂದಿದ್ದ. ಅವನು ನಂಬಲಿಲ್ಲ, ಹಗ್ಗವನ್ನು ಮೆಲ್ಲನೆ ಚೀಲದೊಳಗೆ ತುರುಕಿದ.

ಸೂಟಿಯಿಡೀ ನನಗೆ ನೆಮ್ಮದಿ ಇರಲಿಲ್ಲ. ಜೂನಿನಲ್ಲಿ ಶಾಲೆ ತೆರೆದ ಮೊದಲ ದಿನವೇ ಪಟ್ಟಿಯನ್ನು ಮತ್ತೆ ಹಚ್ಚಿದೆ, ನಿಂತ ಹೆಸರಿನಿಂದಲೇ ಆರಂಭಿಸಿದೆ. ಹಿರಿಯರು ಮತ್ತೆ ಬಂದರು. ಈ ಸಲ ನಾನು ಚಹಾ ಕೊಟ್ಟೆ, ಪಟ್ಟಿ ಕೀಳಲಿಲ್ಲ. ನಾಲ್ಕು ಮಕ್ಕಳು ಕೆಲವು ದಿನ ಮನೆಯಿಂದ ಬಾಟಲಿಯಲ್ಲಿ ನೀರು ತಂದರು, ಆಮೇಲೆ ಬಿಟ್ಟರು. ಆ ಹುಡುಗ ಅದೇ ಹಗ್ಗದಿಂದ ನೀರು ಸೇದಿ ಹರವಿ ತುಂಬಿದ. ಎಲ್ಲರಿಗಿಂತ ಮೊದಲು ನಾನೇ ಒಂದು ಲೋಟ ಬಗ್ಗಿಸಿಕೊಂಡು ಕುಡಿದೆ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಗಾಳಿಯಲ್ಲಿ ತೇವವಿರುವಾಗ ಹರವಿಯ ನೀರು ಅಷ್ಟಾಗಿ ತಣಿಯುವುದಿಲ್ಲ.