ಉತ್ತರ ಬರೆಯದ ಪಠ್ಯಪುಸ್ತಕ

ನಾನು ಈ ಶಾಲೆಯಲ್ಲಿದ್ದಾಗ ವಿಜ್ಞಾನದ ಪ್ರಯೋಗ ಎಂದರೆ ಬಹುತೇಕ ಚಿತ್ರ ಬರೆಯುವುದೇ ಆಗಿತ್ತು. ಉದ್ದೇಶ, ಸಾಮಗ್ರಿ, ವಿಧಾನ, ತೀರ್ಮಾನ ಎಂದು ಕರಿಹಲಗೆ ನೋಡಿ ಬರೆದುಕೊಳ್ಳುತ್ತಿದ್ದೆವು. ಪ್ರಯೋಗಕ್ಕೆ ಮೊದಲೇ ತೀರ್ಮಾನ ಸಿದ್ಧವಿರುತ್ತಿತ್ತು. ಇದು ಮೇಷ್ಟ್ರುಗಳ ಮೇಲಿನ ದೂರಲ್ಲ. ಪರೀಕ್ಷೆ ಕೇಳುತ್ತಿದ್ದುದೇ ಅಷ್ಟನ್ನು. ಸರ್ಕಾರಿ ಶಾಲೆಯಲ್ಲೂ ಬೇರೆ ರೀತಿ ಕಲಿಸಬಹುದು ಎಂದು ನನಗೆ ತಿಳಿದದ್ದು ಹೋಶಂಗಾಬಾದಿನ ಚರಿತ್ರೆ ಓದಿದಾಗ.

ಆಗ ಹೋಶಂಗಾಬಾದ್ ಎಂಬ ಹೆಸರಿದ್ದ ಈ ಜಿಲ್ಲೆ ಮಧ್ಯಪ್ರದೇಶದ ನರ್ಮದಾ ತೀರದಲ್ಲಿದೆ. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಸರ್ಕಾರದ ಒಪ್ಪಿಗೆ ಪಡೆದು ಹೊಸ ವಿಜ್ಞಾನ ಬೋಧನೆ ಆರಂಭಿಸಿದವು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿ ಶಿಕ್ಷಕರ ಜೊತೆ ಕುಳಿತು ಪಾಠ ರೂಪಿಸಿದರು. ‘ಬಾಲ ವೈಜ್ಞಾನಿಕ್’ ಎಂಬ ಅವರ ಪಠ್ಯಪುಸ್ತಕದಲ್ಲಿ ಪ್ರಯೋಗವಿತ್ತು, ಪ್ರಶ್ನೆಯಿತ್ತು. ಉತ್ತರ ಮಾತ್ರ ಇರಲಿಲ್ಲ. ನಾಲ್ಕು ನಾಲ್ಕು ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ, ಚರ್ಚಿಸಿ, ಉತ್ತರವನ್ನು ತಾವೇ ಬರೆದುಕೊಳ್ಳಬೇಕಿತ್ತು. ಜಾಲಿಮುಳ್ಳು ಸೂಜಿಯ ಕೆಲಸ ಮಾಡುತ್ತಿತ್ತು. 1978ರಲ್ಲಿ ಅಲ್ಲಿಗೆ ಬಂದ ಎಂಜಿನಿಯರ್ ಅರವಿಂದ ಗುಪ್ತ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್‌ಟ್ಯೂಬಿನ ತುಂಡುಗಳಿಂದ ರೇಖಾಗಣಿತದ ಆಕೃತಿಗಳನ್ನು ಕಟ್ಟಿ ತೋರಿಸಿದರು.

ಪರೀಕ್ಷೆಗೂ ಮಕ್ಕಳು ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು! ಪ್ರಶ್ನೆ ಯೋಚಿಸುವಂತಿದ್ದರೆ ಪುಸ್ತಕ ನೋಡಿ ನಕಲು ಮಾಡಲು ಏನಿರುತ್ತದೆ? ಪ್ರಯೋಗ ಪರೀಕ್ಷೆ ಬೇರೆಯೇ ಇತ್ತು. ‘ಸವಾಲೀರಾಮ್’ ಎಂಬ ಕಾಲ್ಪನಿಕ ವ್ಯಕ್ತಿಗೆ ಮಕ್ಕಳು ಯಾವ ಪ್ರಶ್ನೆಯನ್ನಾದರೂ ಬರೆದು ಕಳುಹಿಸಿ ಉತ್ತರ ಪಡೆಯುತ್ತಿದ್ದರು. ಶಿಕ್ಷಕರಿಗೆ ಬೇಸಿಗೆಯಲ್ಲಿ ತರಬೇತಿ, ತಿಂಗಳಿಗೊಮ್ಮೆ ಸಭೆ ಇರುತ್ತಿತ್ತು.

1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಅದನ್ನು ಮುಂದುವರಿಸಲು ‘ಏಕಲವ್ಯ’ ಸಂಸ್ಥೆ ಹುಟ್ಟಿತು. ಸುಮಾರು 1,000 ಶಾಲೆಗಳಿಗೆ ಹರಡಿದ್ದ ಈ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಮೂರೇ ವರ್ಷಕ್ಕೆ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಕಲಿಕೆ ಬಾಯಿಪಾಠದಿಂದ ಬಿಡಿಸಿಕೊಂಡು ಶಾಲೆಯ ಹೊರಗಿನ ಬದುಕಿಗೆ ಹೊಂದಿಕೊಳ್ಳಬೇಕು ಎಂದಿತು. ಹೋಶಂಗಾಬಾದಿನ ಮಕ್ಕಳು ಅದನ್ನು 30 ವರ್ಷ ಮಾಡಿ ತೋರಿಸಿದ್ದರು.

ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು: ಪುಸ್ತಕ, ಶಿಕ್ಷಕರ ತರಬೇತಿ, ಪರೀಕ್ಷೆ ಮೂರೂ ಒಟ್ಟಿಗೆ ಬದಲಾದರೆ ಮಾತ್ರ ಮಗು ಪ್ರಶ್ನೆ ಕೇಳುತ್ತದೆ. ಪರೀಕ್ಷೆ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಹಳೆಯ ವಿದ್ಯಾರ್ಥಿಗಳಾದ ನಾವು ಒಂದು ಪ್ರಶ್ನೆ ಪೆಟ್ಟಿಗೆ ಇಡಬಹುದು. ಬಂದ ಪ್ರಶ್ನೆಗಳಿಗೆ ನಮ್ಮಲ್ಲಿರುವ ವೈದ್ಯರು, ರೈತರು, ಎಂಜಿನಿಯರುಗಳು ಸರದಿಯಂತೆ ಉತ್ತರ ಬರೆಯಬಹುದು. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಪ್ರಶ್ನೆ ಕೇಳಲು ಕಲಿಯುವುದಕ್ಕೇ ನನಗೆ ಹಲವು ವರ್ಷ ಬೇಕಾಯಿತು. ನಮ್ಮೂರಿನ ಮಕ್ಕಳಿಗೆ ಅಷ್ಟು ತಡವಾಗಬಾರದು. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ. ಅದರ ಜೊತೆಗೆ ಆ ಪೆಟ್ಟಿಗೆಯೂ ಇರಲಿ. ಮೊದಲ ವರ್ಷದ ಉತ್ತರಗಳ ಹೊಣೆ ನನಗಿರಲಿ.