ಲಷ್ಕರಿನಿಂದ ದಂಡಿಗೆ

ಮೈಸೂರಿನ ಲಷ್ಕರ್ ಮೊಹಲ್ಲಾ ಎಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ, ಅಶೋಕ ರಸ್ತೆಯ ಅಂಗಡಿಸಾಲು. ಲಷ್ಕರ್ ಪಾರಸಿಯಿಂದ ಬಂದ ಮಾತು. ಸೈನ್ಯ, ಪಾಳೆಯ ಎಂದರ್ಥ. ಇಲ್ಲಿಂದ ಇರ್ವಿನ್ ರಸ್ತೆ ಹಿಡಿದು ಪಡುವಣಕ್ಕೆ ನಡೆದರೆ ರೈಲು ನಿಲ್ದಾಣ ಸಿಗುತ್ತದೆ. ಅಲ್ಲಿ ಮದ್ರಾಸಿನ ಕಡೆಯ ಗಾಡಿ ಹತ್ತಿ, ಬೆಂಗಳೂರಿನ ಮುಖ್ಯ ನಿಲ್ದಾಣ ದಾಟಿ ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ‘ಬೆಂಗಳೂರು ದಂಡು’ ಎಂಬ ಫಲಕ ಎದುರಾಗುತ್ತದೆ. ಲಷ್ಕರು, ದಂಡು: ಹೆಸರೆರಡು, ಅರ್ಥ ಒಂದೇ. ಆದರೆ 1881ರಿಂದ 1947ರವರೆಗೆ ಒಂದು ಮಹಾರಾಜರ ನೆಲ, ಇನ್ನೊಂದು ಬ್ರಿಟಿಷರ ನೆಲ.

ಇದು ಶುರುವಾದದ್ದು ಶ್ರೀರಂಗಪಟ್ಟಣದಲ್ಲಿ. ಟಿಪ್ಪು ಮಡಿದ ಮೇಲೆ ಅಲ್ಲಿ ಬೀಡುಬಿಟ್ಟ ಕಂಪನಿಯ ಪಡೆಗೆ ಚಳಿಜ್ವರ ಕಾಟ ಕೊಟ್ಟಿತು. 1809ರಲ್ಲಿ ಪಡೆ ಬೆಂಗಳೂರಿಗೆ ಎದ್ದುಹೋಯಿತು. ಆದರೂ ದ್ವೀಪ ಬ್ರಿಟಿಷರದ್ದೇ. ಮೈಸೂರು ವರ್ಷಕ್ಕೆ 50,000 ರೂಪಾಯಿ ತೆತ್ತು ಅದನ್ನು ಗುತ್ತಿಗೆಗೆ ಇಟ್ಟುಕೊಂಡಿತ್ತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದಾಗ ಒಂದು ಕೊಡು-ಕೊಳ್ಳುವಿಕೆ ನಡೆಯಿತು: ಶ್ರೀರಂಗಪಟ್ಟಣ ಮಹಾರಾಜರಿಗೆ, ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಿಗೆ. ಒಂದೇ ಊರೊಳಗೆ ಎರಡು ಆಳ್ವಿಕೆ. ಪೇಟೆಗೆ ದಿವಾನರು, ದಂಡಿಗೆ ರೆಸಿಡೆಂಟರು.

ರೈಲು ಬಂದದ್ದು ಈ ಗಡಿಯ ಎರಡೂ ಕಡೆಯಿಂದ. ಮದ್ರಾಸ್ ರೈಲ್ವೆಯ ಬ್ರಾಡ್‌ಗೇಜು ಜೋಲಾರಪೇಟೆಯಿಂದ 1864ರಲ್ಲೇ ದಂಡಿನವರೆಗೆ ಬಂದು ನಿಂತಿತ್ತು. ಪಡೆ ಸಾಗಿಸುವುದೇ ಮುಖ್ಯವಾದ್ದರಿಂದ ಪೇಟೆಯವರ ಅವಸರ ಯಾರಿಗೂ ಕಾಣಲಿಲ್ಲ. ಅತ್ತ ಮೈಸೂರಿನಿಂದ ಬೆಂಗಳೂರಿಗೆ ಹಳಿ ಹಾಸುವ ಕೆಲಸಕ್ಕೆ 1876-78ರ ಭೀಕರ ಬರವೇ ನೂಕುಬಲ. ಹಸಿದವರಿಗೆ ಕೂಲಿಯೂ ಆಯಿತು, ರಾಜ್ಯಕ್ಕೆ ರೈಲೂ ಆಯಿತು. 1882ರಲ್ಲಿ, ರಂಗಾಚಾರ್ಲು ದಿವಾನರಾಗಿದ್ದಾಗ, ಮಾರ್ಗ ಪೂರ್ತಿಯಾಯಿತು. ಆದರೆ ಅದು ಮೀಟರ್‌ಗೇಜು. ಮೈಸೂರಿನಿಂದ ಹೊರಟವನು ದಂಡಿಗೆ ಹೋಗಬೇಕಿದ್ದರೂ ಮದ್ರಾಸಿಗೆ ಹೋಗಬೇಕಿದ್ದರೂ ಬೆಂಗಳೂರಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸಲೇಬೇಕು. ಈ ತಾಪತ್ರಯ ತೀರಿದ್ದು 1990ರ ದಶಕದಲ್ಲಿ, ಮೈಸೂರಿಗೆ ಬ್ರಾಡ್‌ಗೇಜು ಬಂದ ಮೇಲೆ.

ಹಳಿಯ ಅಗಲಕ್ಕಿಂತ ದೊಡ್ಡ ಗಂಟು ಕಾಗದದಲ್ಲಿತ್ತು. 1881ರ ಅಧಿಕಾರ ಹಸ್ತಾಂತರ ಪತ್ರದಲ್ಲಿ ಒಂದು ಷರತ್ತಿದೆ: ಬ್ರಿಟಿಷ್ ಸರ್ಕಾರ ಸಂಸ್ಥಾನದೊಳಗೆ ರೈಲು ಹಾಕಬಯಸಿದರೆ ಮಹಾರಾಜರು ಜಾಗವನ್ನು ಪುಕ್ಕಟೆ ಬಿಟ್ಟುಕೊಡಬೇಕು, ಆ ಜಾಗದ ಮೇಲಿನ ಪೂರ್ಣ ನ್ಯಾಯಾಧಿಕಾರವನ್ನೂ ಒಪ್ಪಿಸಬೇಕು. ಅಂಥ ಹಳಿ ಹೊಲದ ನಡುವೆ ಹಾದರೆ ಗಡಿಯೂ ಹೊಲದ ನಡುವೆಯೇ ಹಾದಂತೆ. ತಾನೇ ಕಟ್ಟಿದ ಮಾರ್ಗವನ್ನೂ ಮೈಸೂರು 1880ರ ದಶಕದಲ್ಲಿ ಸದರ್ನ್ ಮರಾಠ ಕಂಪನಿಯ ಕೈಗಿತ್ತು, 1919ರಲ್ಲಿ ವಾಪಸು ಪಡೆಯಿತು.

ಇದೇ ಕಂಪನಿಯ ಇನ್ನೊಂದು ಹಳಿ ನಿಜಕ್ಕೂ ಬೇರೆ ದೇಶಕ್ಕೆ ಹೋಗುತ್ತಿತ್ತು. ಇಂದಿನ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ ಅದು ಪೋರ್ಚುಗೀಸ್ ಗೋವೆಯ ರೈಲನ್ನು ಸೇರುತ್ತಿತ್ತು; ಕಾಡಿನ ನಡುವಿನ ಆ ಪುಟ್ಟ ನಿಲ್ದಾಣದಲ್ಲಿ ಸುಂಕದವರ ತಪಾಸಣೆ. ಮೈಸೂರಿಗೂ ಕಡಲಿನ ಆಸೆಯಿತ್ತು. ಅರಸೀಕೆರೆಯಿಂದ ಭಟ್ಕಳಕ್ಕೆ ರೈಲು, ಅಲ್ಲೊಂದು ಬಂದರು ಎಂಬುದು ವಿಶ್ವೇಶ್ವರಯ್ಯನವರ ಹಂಬಲ. ಭಟ್ಕಳ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ; ಹಂಬಲ ಹಂಬಲವಾಗಿಯೇ ಉಳಿಯಿತು. ತೆಂಕಣಕ್ಕೆ ಹೊರಟ ಹಳಿಯೂ 1926ರಲ್ಲಿ ಚಾಮರಾಜನಗರ ಮುಟ್ಟಿ ನಿಂತದ್ದು, ಗಡಿಯಾಚೆಗೆ ಇನ್ನೂ ಕಾಲಿಟ್ಟಿಲ್ಲ. ಈಗ ಅಡ್ಡ ನಿಂತಿರುವುದು ಸತ್ಯಮಂಗಲದ ಕಾಡು, ಅದರ ಆನೆ-ಹುಲಿಗಳು. ಈ ಅಡ್ಡಿಯನ್ನು ದೂರುವುದು ಕಷ್ಟ.

ಬೆಂಗಳೂರಿನ ಒಳಗಡಿ ಅಳಿಸಿದ್ದು 1947ರಲ್ಲಿ. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಕರಗಿತು. ವಿನಿಮಯವಾದ ಶ್ರೀರಂಗಪಟ್ಟಣದ ಮೇಲೆ ಮಾತ್ರ ರೈಲಿನ ಋಣ ಮುಗಿದಿರಲಿಲ್ಲ. ಜೋಡಿ ಹಳಿಗೆ ಅಡ್ಡವಾದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಸರಿಸಬೇಕಾಯಿತು.

ಈಗಿನ ಮಾತು ಹೊಸೂರಿನ ಮೆಟ್ರೊ. ನಮ್ಮ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಓಡತೊಡಗಿತು. ಅತ್ತಿಬೆಲೆ ದಾಟಿದರೆ ತಮಿಳುನಾಡು. ಗಡಿಯಾಚೆಯಿಂದ ಚೆನ್ನೈ ಮೆಟ್ರೊ ಸಂಸ್ಥೆ ಈ ಮಾರ್ಗವನ್ನು ಹೊಸೂರಿಗೆ ಚಾಚುವ ಅಧ್ಯಯನಕ್ಕೆ ಕೈಹಾಕಿತು. ಬೆಂಗಳೂರಿನ ಮೆಟ್ರೊಗೆ ಕರೆಂಟು ಪಕ್ಕದ ಮೂರನೆಯ ಹಳಿಯಿಂದ, 750 ವೋಲ್ಟ್ ಡಿಸಿ. ಚೆನ್ನೈನದು ತಲೆಯ ಮೇಲಿನ ತಂತಿ, 25,000 ವೋಲ್ಟ್ ಎಸಿ. ಎರಡನ್ನೂ ಒಂದೇ ಹಳಿಗೆ ಹೇಗೆ ಕೂರಿಸುವುದೆಂಬುದೇ ತೊಡಕು. ಬೆಂಗಳೂರಲ್ಲಿ ಗಾಡಿ ಬದಲಿಸಿದ ಲಷ್ಕರಿನ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸದ್ಯಕ್ಕೆ ಹೊಸೂರಿಗೆ ಹೋಗುವವರು ಬೊಮ್ಮಸಂದ್ರದಲ್ಲಿ ಇಳಿದು ಬಸ್ಸು ಹಿಡಿಯುತ್ತಾರೆ.